ಎಂಸಿಬಿ ಬೀಳುವುದರ ಹಿಂದಿನ ನೂರು ವರ್ಷ

ಸಂಜೆ ಲೈಟ್ ಹಾಕಿದ ಕೂಡಲೇ ಎಂಸಿಬಿ ಟಪ್ ಅಂತ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. "ದೊಡ್ಡದು ಹಾಕಿಸಿಬಿಡೋಣ" ಎನ್ನುವುದು ನಮ್ಮ ಊರುಗಳಲ್ಲಿ ಮೊದಲು ಬರುವ ಮಾತು. ಇದು ಫ್ಯೂಸಿನ ಕಾಲದಿಂದ ಬಂದ ಅಭ್ಯಾಸ.

1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಉರಿದವು. ಹಳ್ಳಿಗಳು ದಶಕಗಟ್ಟಲೆ ಕಾಯಬೇಕಾಯಿತು. ಕೊನೆಗೆ ಕರೆಂಟು ಬಂದಾಗ ಮೀಟರ್ ಬೋರ್ಡಿನಲ್ಲಿ ಬಿಳಿ ಪಿಂಗಾಣಿ ಫ್ಯೂಸೂ ಬಂತು. ಕರೆಂಟು ಜಾಸ್ತಿ ಹರಿದರೆ ಅದರೊಳಗಿನ ಸಣ್ಣ ತಂತಿ ಕರಗಿ ತುಂಡಾಗುತ್ತದೆ, ಮನೆಯ ವೈರಿಂಗ್ ಉಳಿಯುತ್ತದೆ. ಎಡಿಸನ್ 1890ರಲ್ಲಿ ಫ್ಯೂಸಿಗೆ ಪೇಟೆಂಟ್ ಪಡೆದಿದ್ದ.

ಫ್ಯೂಸ್ ಹೋದರೆ ಮನೆಯಲ್ಲೇ ಕಟ್ಟಿಕೊಳ್ಳಬಹುದಿತ್ತು. ಪದೇಪದೇ ಹೋದರೆ ವೈರಿನ ತಾಮ್ರದ ಎಳೆ ಎರಡು ಮೂರು ಸೇರಿಸಿ ಕಟ್ಟುತ್ತಿದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ ನಿಜ. ಆದರೆ ಗೋಡೆಯೊಳಗೆ, ಸೂರಿನ ಕೆಳಗೆ ವೈರೇ ಕಾಯುತ್ತಿತ್ತು. ಬೆಂಕಿಗೆ ಅಷ್ಟು ಸಾಕು.

1924ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಹ್ಯೂಗೋ ಸ್ಟೋಟ್ಸ್ ಅವರ ಕಂಪನಿ ಇಂದಿನ ಎಂಸಿಬಿಯ ಮೂಲ ರೂಪಕ್ಕೆ ಪೇಟೆಂಟ್ ಪಡೆಯಿತು. ಅದರಲ್ಲಿ ಇಬ್ಬರು ಕಾವಲುಗಾರರಿದ್ದಾರೆ. ಒಂದು, ಎರಡು ಲೋಹ ಬೆಸೆದ ಪಟ್ಟಿ. ಲೋಡ್ ಜಾಸ್ತಿಯಾದರೆ ನಿಧಾನಕ್ಕೆ ಕಾದು ಬಾಗಿ ಲೈನ್ ಬಿಡಿಸುತ್ತದೆ. ಇನ್ನೊಂದು ತಂತಿ ಸುರುಳಿಯ ಅಯಸ್ಕಾಂತ. ಶಾರ್ಟ್ ಆದರೆ ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತದೆ. ಇಲ್ಲಿ ಎಳೆ ಸೇರಿಸಿ ಕಟ್ಟಲು ಜಾಗವಿಲ್ಲ.

ಹಾಗಾಗಿ ಎಂಸಿಬಿ ಯಾವಾಗ ಬೀಳುತ್ತದೆ ಎಂದು ನೋಡಬೇಕು. ಸ್ವಲ್ಪ ಹೊತ್ತು ಉರಿದು ಬಿದ್ದರೆ ಲೋಡ್ ಜಾಸ್ತಿ. 6 ಆಂಪಿಯರ್ ಎಂಸಿಬಿ 230 ವೋಲ್ಟಿನಲ್ಲಿ ಸುಮಾರು 1,380 ವ್ಯಾಟ್ ತಡೆಯುತ್ತದೆ. 9 ವ್ಯಾಟಿನ ಹತ್ತು ಎಲ್‌ಇಡಿ ಬಲ್ಬು ಸೇರಿದರೂ ಬರೀ 90 ವ್ಯಾಟ್. ಅಂದರೆ ಲೈಟಿನ ಲೈನಿಗೆ ಯಾರೋ ಇಸ್ತ್ರಿ ಪೆಟ್ಟಿಗೆಯನ್ನೋ ನೀರು ಕಾಯಿಸುವ ಹೀಟರನ್ನೋ ಹಾಕಿರಬಹುದು.

ಎತ್ತಿದ ಕ್ಷಣವೇ ಬಿದ್ದರೆ ಹೆಚ್ಚಾಗಿ ಎಲ್ಲೋ ಶಾರ್ಟ್ ಆಗಿದೆ. ಎಲ್ಲ ಸ್ವಿಚ್ ಆರಿಸಿ, ಎಂಸಿಬಿಯನ್ನು ಒಮ್ಮೆ ಎತ್ತಿ. ನಿಂತರೆ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಹೋಲ್ಡರ್, ಆ ವೈರಿನಲ್ಲಿ ದೋಷ. ಮಳೆಗಾಲದಲ್ಲಿ ಅಂಗಳದ ಬಲ್ಬನ್ನು ಮೊದಲು ನೋಡಿ. ಎಲ್ಲ ಆರಿಸಿದರೂ ನಿಲ್ಲದಿದ್ದರೆ ವೈರಿಂಗಿನಲ್ಲೇ ತೊಂದರೆ, ಇಲಿ ಕಡಿದಿರಲೂಬಹುದು. ಮತ್ತೆ ಮತ್ತೆ ಎತ್ತದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಎಂಸಿಬಿಯೇ ಹಳತಾಗಿ ಕೆಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿಸಿ. ತೆಳು ವೈರಿನ ಲೈಟ್ ಲೈನಿಗೆ 16 ಅಥವಾ 32 ಆಂಪಿಯರ್ ಹಾಕಿಸಿದರೆ, ಫ್ಯೂಸಿಗೆ ಮೂರು ಎಳೆ ಕಟ್ಟಿದಂತೆಯೇ ಆಯಿತು.