ಬಂಡೆಯ ಮೇಲಿನ ಗೂಳಿ



ಕಳೆದ ಶ್ರಾವಣದಲ್ಲಿ ಸೇಡಂ ಕಡೆಯ ಭಕ್ತರೊಬ್ಬರು ಕೊಪ್ಪಳ ಸೀಮೆಯ ಹಿರೇಬೆಣಕಲ್ ಗುಡ್ಡವನ್ನು ನೋಡಿಕೊಂಡು ಮಠಕ್ಕೆ ಬಂದಿದ್ದರು. ಅಲ್ಲಿಯ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಪ್ರಾಣಿಗಳನ್ನು ವರ್ಣಿಸಿ, “ಅಪ್ಪಾರೇ, ಆ ಗೂಳಿ ನಮ್ಮ ನಂದಿನೇ ಅಲ್ಲೇನ್ರಿ? ನಮ್ಮ ಧರ್ಮ ಎಷ್ಟು ಹಳೇದು ಅನ್ನಾಕ ಇನ್ನೇನು ಸಾಕ್ಷಿ ಬೇಕು?” ಎಂದು ಕೇಳಿದರು. ಪ್ರಶ್ನೆ ಭಕ್ತಿಯಿಂದಲೇ ಹುಟ್ಟಿದ್ದು. ಆದರೂ ಅದಕ್ಕೆ ‘ಹೌದು’ ಎನ್ನಲು ನಮ್ಮ ಮನಸ್ಸು ಒಪ್ಪಲಿಲ್ಲ.

ಮನುಷ್ಯನು ಚಿತ್ರ ಬರೆಯಲು ಎಲ್ಲಿ ಆರಂಭಿಸಿದನೆಂಬ ವಿಚಾರದಲ್ಲಿ ಪಂಡಿತರೂ ಬಹುಕಾಲ ಎಡವಿದ್ದಾರೆ. 1879ರಲ್ಲಿ ಸ್ಪೇನ್ ದೇಶದ ಅಲ್ತಮಿರಾ ಗುಹೆಯಲ್ಲಿ ಸೌತುಓಲಾ ಎಂಬವನ ಪುಟ್ಟ ಮಗಳು ತಲೆಯೆತ್ತಿ ನೋಡಿ ಕಾಡುಕೋಣಗಳ ಚಿತ್ರಗಳನ್ನು ಕಂಡಳು. ಅವು ಆದಿಮಾನವನ ಕೃತಿಗಳೆಂದು ತಂದೆ ಸಾರಿದಾಗ ವಿದ್ವಾಂಸರು ನಂಬಲಿಲ್ಲ. ಅವನು 1888ರಲ್ಲಿ ಅವಮಾನಿತನಾಗಿಯೇ ತೀರಿಕೊಂಡನು. ವಿರೋಧಿಗಳಲ್ಲಿ ಪ್ರಮುಖನಾದ ಕಾರ್ತೈಯಾಕನು ತನ್ನ ತಪ್ಪನ್ನು ಒಪ್ಪಿ ಬರೆದದ್ದು 1902ರಲ್ಲಿ. ನಮ್ಮ ದೇಶದಲ್ಲಾದರೋ ಅಲ್ತಮಿರಾಕ್ಕಿಂತ ಹತ್ತು ವರ್ಷಗಳಿಗೂ ಮೊದಲೇ ಕಾರ್ಲೈಲನು ಮಿರ್ಜಾಪುರದ ಗುಡ್ಡಗಳಲ್ಲಿ ಇಂಥ ಚಿತ್ರಗಳನ್ನು ಗುರುತಿಸಿದ್ದನು. ಇಂಡೋನೇಷ್ಯದ ಸುಲಾವೆಸಿ ದ್ವೀಪದ ಹಂದಿಯ ಚಿತ್ರವೊಂದಕ್ಕೆ ಕನಿಷ್ಠ 51,200 ವರ್ಷಗಳ ವಯಸ್ಸೆಂದು 2024ರಲ್ಲಿ ಪ್ರಕಟವಾಯಿತು. ಕಲೆಯ ತವರು ಯೂರೋಪು ಎಂಬ ಹಳೆಯ ಮಾತು ಇದರಿಂದ ಬಿದ್ದುಹೋಯಿತು.

ಇನ್ನು ನಮ್ಮ ಸೀಮೆ. ನೀವು ಪ್ರಸಾದಕ್ಕೆ ಕುಳಿತುಕೊಳ್ಳುವ ಪರಸಿ ಕಲ್ಲು ಶಹಾಬಾದ, ವಾಡಿಗಳ ಗಣಿಯಿಂದ ಬಂದ ಸುಣ್ಣಕಲ್ಲು. ಹಾಸು ಹಾಸಾಗಿ ಮಲಗಿರುವ ಈ ಕಲ್ಲಿನ ನಾಡಿನಲ್ಲಿ, ತುಂಗಭದ್ರೆಯ ಬದಿಯ ಕಣಶಿಲೆಯ ಗುಡ್ಡಗಳಂತೆ ಬಂಡೆಯ ಮೇಲೆ ಬಂಡೆ ಬಿದ್ದು ಮಳೆಗೆ ಮರೆಯಾಗುವ ತಾಣಗಳು ಸುಲಭವಲ್ಲ. ಆದರೆ ಇದೇ ಜಾತಿಯ ಸುಣ್ಣಕಲ್ಲಿನಲ್ಲಿ ಚಿತ್ರಕ್ಕಿಂತಲೂ ಬಹು ಪುರಾತನವಾದ ಕೈಗೆಲಸವಿದೆ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ಆದಿಮಾನವನು ಕೈಗೊಡಲಿಗಳನ್ನು ಮಾಡುತ್ತಿದ್ದ ಸ್ಥಳವೇ ದೊರೆಯಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ತಿಳಿದುಬಂತು. ಕೈಗೊಡಲಿ ಚಿತ್ರವಲ್ಲ, ನಿಜ. ಆದರೆ ಏಟು ಹಾಕುವ ಮೊದಲೇ ಕಲ್ಲಿನೊಳಗೆ ಒಂದು ಆಕಾರವನ್ನು ಕಂಡ ಕಣ್ಣು ಅಲ್ಲಿತ್ತು. ಚಿತ್ರಕಲೆಯ ಬೇರನ್ನು ಅಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಗೂಳಿಯ ಮಾತಿಗೆ ಬರೋಣ. ಪಿಕ್ಲಿಹಾಳ, ಕಪ್ಪಗಲ್ಲುಗಳ ಬಂಡೆಗಳ ಮೇಲೆ ನೀಳ ಕೋಡಿನ, ಎತ್ತರದ ಹಿಣಿಲಿನ ಗೂಳಿಗಳು ಹೇರಳವಾಗಿವೆ. ಅವುಗಳಲ್ಲಿ ಅನೇಕವನ್ನು ಬರೆದವರು, ಕೊರೆದವರು ನವಶಿಲಾಯುಗದ ದನಗಾಹಿಗಳು. ಕೊಡೇಕಲ್ಲು, ಬೂದಿಹಾಳಗಳ ಬೂದಿದಿಬ್ಬಗಳು ಅವರು ಸುಟ್ಟ ಸಗಣಿಯ ರಾಶಿಗಳೇ. ಉಟ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್ ಅವರಿಗೆ ದೊಡ್ಡಿಯ ನೆಲದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು! ಹಾಲು, ಗೊಬ್ಬರ, ಬದುಕು ಎಲ್ಲವೂ ದನವೇ ಆಗಿದ್ದವರು ಗೂಳಿಯನ್ನು ಬರೆದದ್ದರಲ್ಲಿ ಆಶ್ಚರ್ಯವೇನು? ಅವರು ಅದನ್ನು ಪೂಜಿಸಿರಲೂಬಹುದು. ಆ ಗೌರವದ ಎಳೆಯೊಂದು ನಮ್ಮ ನಂದಿಯವರೆಗೆ ಬಂದಿರಲೂಬಹುದು. ಆದರೆ ನಂದಿಯೆಂದು ಹೆಸರಿಟ್ಟ ಕ್ಷಣವೇ ಆ ದನಗಾಹಿಗಳು ಮರೆಯಾಗಿ ನಾವು ಮಾತ್ರ ಉಳಿಯುತ್ತೇವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪದ ಮೇಲೆ ಅವನ ಹೆಸರನ್ನೇ ಬ್ರಾಹ್ಮೀ ಲಿಪಿಯಲ್ಲಿ ಕೊರೆದಿದ್ದಾರೆ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಬಂಡೆಯ ಗೂಳಿಗೆ ಯಾರೂ ಹೆಸರು ಬರೆದಿಲ್ಲ. ಹನ್ನೆರಡನೆಯ ಶತಮಾನದ ಶರಣರ ಮಹಿಮೆ ಅವರ ನಡೆನುಡಿಯಲ್ಲಿದೆ. ಅದಕ್ಕೆ ನಾಲ್ಕು ಸಾವಿರ ವರ್ಷಗಳ ಸಾಲದ ವಯಸ್ಸು ಬೇಕಿಲ್ಲ.

ಇಷ್ಟನ್ನು ಕೇಳಿದ ಆ ಭಕ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೂಳಿಯ ಹಣೆಗೆ ತಾವು ವಿಭೂತಿ ಹಚ್ಚಿಬಂದುದಾಗಿಯೂ, ಜೊತೆಗಿದ್ದವರು ಬಣ್ಣ ಎದ್ದು ಕಾಣಲೆಂದು ನೀರು ಎರಚಿದುದಾಗಿಯೂ ಹೇಳಿದರು. ನೀರು ಬಿದ್ದಷ್ಟೂ ಬಣ್ಣ ಸವೆಯುತ್ತದೆ. ಮೇಲೆ ಹಚ್ಚಿದ್ದು ಹಳೆಯ ಬಣ್ಣದೊಡನೆ ಬೆರೆತರೆ ಅದರ ಪರೀಕ್ಷೆಯೂ ಕೆಡುತ್ತದೆ. ಕಪ್ಪಗಲ್ಲಿನಲ್ಲಿ ಬಡಿದರೆ ಗಂಟೆಯಂತೆ ನಿನದಿಸುವ ಬಂಡೆಗಳಿರುವ ಆ ಗುಡ್ಡಕ್ಕೆ ಕಲ್ಲುಗಣಿಯ ಬಾಧೆಯೂ ತಟ್ಟಿದೆ. ಮುಂದಿನ ಸಲ ಬರಿಗೈಯಲ್ಲಿ ಹೋಗಿ, ಕಣ್ಣಿನಿಂದಷ್ಟೇ ಮುಟ್ಟಿಬನ್ನಿರೆಂದು ಅವರಿಗೆ ತಿಳಿಸಿದೆವು.