ಮಹಾಪಧಮನಿಯ ಎರಡು ದಳದ ಕವಾಟ: ಚಿಕಿತ್ಸೆಯ ಇತಿಹಾಸದಲ್ಲಿ ಆಧಾರಗಳ ಪ್ರಶ್ನೆ

ಹೃದಯದ ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತವು ಹೊರಡುವ ಬಾಗಿಲಿನಲ್ಲಿ ಮೂರು ದಳಗಳ ಕವಾಟವಿರುವುದು ಸಾಮಾನ್ಯ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡು ದಳಗಳಿರುತ್ತವೆ. (ಪಠ್ಯಪುಸ್ತಕಗಳ 'ದ್ವಿದಳ ಕವಾಟ'ವು ಎಡಭಾಗದ ಎರಡು ಕೋಣೆಗಳ ನಡುವಣ ಬೇರೊಂದು ಕವಾಟ, ಅದನ್ನು ಇದರೊಡನೆ ಬೆರೆಸಬಾರದು.) ಇಂಥವರ ಆಯುಸ್ಸೆಷ್ಟು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಒಂದೂಕಾಲು ಶತಮಾನದಲ್ಲಿ ಕೊಟ್ಟ ಉತ್ತರಗಳು ಪರಸ್ಪರ ವಿರುದ್ಧವಾಗಿವೆ. ಚಿಕಿತ್ಸೆಯ ಮುನ್ನಡೆಯೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಆಧಾರಗಳ ಸ್ವರೂಪವು ಬದಲಾದುದೂ ಅಷ್ಟೇ ಮುಖ್ಯವಾದ ಕಾರಣವೆಂದು ನನಗೆ ತೋರುತ್ತದೆ.

ಕೆನಡಾದ ವೈದ್ಯ ವಿಲಿಯಂ ಆಸ್ಲರ್ ಅವರು 1886ರ ಪ್ರಬಂಧದಲ್ಲಿ ಈ ಕವಾಟವು ಸೋಂಕಿಗೆ ಸುಲಭವಾಗಿ ತುತ್ತಾಗುವುದೆಂದು ತೋರಿಸಿದರು. ಪೆನಿಸಿಲಿನ್ ಬರುವವರೆಗೆ ಅಂಥ ಸೋಂಕೆಂದರೆ ಬಹುತೇಕ ಮರಣವೇ. ಆದರೆ ಅವರ ಸಾಮಗ್ರಿ ಮುಖ್ಯವಾಗಿ ಶವಪರೀಕ್ಷೆಯಿಂದ ದೊರೆತದ್ದು. ಮಾಡ್ ಆಬಟ್ ಅವರು 1936ರಲ್ಲಿ ಸಾವಿರ ಪ್ರಕರಣಗಳಿಂದ ರಚಿಸಿದ ಜನ್ಮಜಾತ ಹೃದ್ರೋಗಗಳ ಚಿತ್ರಸಂಪುಟಕ್ಕೂ ಬಹುಮಟ್ಟಿಗೆ ಅದೇ ಮೂಲ. ಎಂಬತ್ತು ವರ್ಷ ಬಾಳಿ ಬೇರಾವುದೋ ಕಾರಣದಿಂದ ತೀರಿಕೊಂಡವನ ಕವಾಟವನ್ನು ನೋಡಿದವರಾರು? ವೀರಗಲ್ಲುಗಳನ್ನಷ್ಟೇ ಓದಿ, ಆ ಊರಿನ ಗಂಡಸರೆಲ್ಲರೂ ತುರುಗೋಳಿನಲ್ಲಿ ಮಡಿದರೆಂದು ತೀರ್ಮಾನಿಸಿದಂತಾಯಿತು.

ಶಸ್ತ್ರಚಿಕಿತ್ಸೆಯ ಕಥೆ ಪ್ರಸಿದ್ಧವಾದುದು. 1952ರಲ್ಲಿ ಚಾರ್ಲ್ಸ್ ಹಫ್ನಗೆಲ್ ಅವರು ಕೃತಕ ಕವಾಟವನ್ನು ಕೆಳಮುಖ ಮಹಾಪಧಮನಿಯಲ್ಲಿ ಜೋಡಿಸಿದರು. ಕವಾಟದ ಸ್ವಸ್ಥಾನದಲ್ಲಿಯೇ ಚೆಂಡು-ಪಂಜರದ ಕವಾಟವನ್ನು 1960ರಲ್ಲಿ ಇರಿಸಿದವರು ಡ್ವೈಟ್ ಹಾರ್ಕೆನ್. ಯಾಂತ್ರಿಕ ಕವಾಟವುಳ್ಳವರು ರಕ್ತ ಹೆಪ್ಪುಗಟ್ಟದಂತೆ ಬಾಳಿನುದ್ದಕ್ಕೂ ಔಷಧಿ ಸೇವಿಸಬೇಕು. ಪ್ರಾಣಿಯ ಅಂಗಾಂಶದ ಕವಾಟವು ಕಿರಿಯರಲ್ಲಿ ಬೇಗನೆ ಸವೆಯುತ್ತದೆ. ಜನ್ಮಜಾತ ದೋಷವುಳ್ಳವರು ಇತರರಿಗಿಂತ ಕಿರಿಯ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆಗೆ ಬರುವುದರಿಂದ ಈ ಇಕ್ಕಟ್ಟು ಅವರನ್ನೇ ಹೆಚ್ಚು ಕಾಡಿತು. 1967ರಲ್ಲಿ ಲಂಡನ್ನಿನ ಡೊನಾಲ್ಡ್ ರಾಸ್ ಅವರು ರೋಗಿಯ ಪುಪ್ಪುಸಧಮನಿಯ ಕವಾಟವನ್ನೇ ತೆಗೆದು ಮಹಾಪಧಮನಿಯಲ್ಲಿ ಕೂಡಿಸಿದರು. ಒಂದು ಕವಾಟದ ರೋಗವನ್ನು ಎರಡಕ್ಕೆ ಹಬ್ಬಿಸಿದಂತೆ ಎಂಬ ಆಕ್ಷೇಪ ಇದಕ್ಕೆ ಎದುರಾಯಿತು. 216 ವಯಸ್ಕರನ್ನು ಒಳಗೊಂಡ, 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹತ್ತು ವರ್ಷಗಳ ಬಳಿಕ ಬದುಕುಳಿದವರು ಈ ಕ್ರಮದಲ್ಲಿ ನೂರಕ್ಕೆ 97, ದಾನಿಯ ಕವಾಟ ಪಡೆದವರಲ್ಲಿ 83. ಇದು ಒಂದೇ ನುರಿತ ಕೇಂದ್ರದ ಫಲವೆಂಬುದನ್ನು ಮರೆಯಲಾಗದು.

ಭಾರತದಲ್ಲಿ ಬೆಲೆಯೇ ದೊಡ್ಡ ತೊಡಕಾಗಿತ್ತು. ಮುಂದೆ ಮಣಿಪಾಲದಲ್ಲಿ ಕುಲಪತಿಗಳಾದ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದಲ್ಲಿ ಸಿದ್ಧವಾದ ಚಿತ್ರಾ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಮೊದಲ ಮೂರು ಮಾದರಿಗಳು ಸೋತ ಮೇಲೆ ಗೆದ್ದದ್ದು ನಾಲ್ಕನೆಯದು.

ಶಬ್ದಾತೀತ ತರಂಗಗಳ ಪರೀಕ್ಷೆಯು ಬಳಕೆಗೆ ಬಂದ ಮೇಲೆ, ಬದುಕಿರುವವರ ಕವಾಟದ ದಳಗಳನ್ನು ಎಣಿಸುವುದು ಸಾಧ್ಯವಾಯಿತು. ನಿಜವಾದ ತಿರುವು ಇದೇ. 2008ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಟೊರಾಂಟೊ ನಗರದ 642 ವಯಸ್ಕರ ಹಾಗೂ ಅಮೆರಿಕದ ಓಮ್‌ಸ್ಟೆಡ್ ಕೌಂಟಿಯ 212 ಮಂದಿಯ ಆಯುಸ್ಸು ನೆರೆಹೊರೆಯವರದಕ್ಕಿಂತ ಕಡಿಮೆಯಿರಲಿಲ್ಲ. ಎರಡನೆಯ ಗುಂಪಿನಲ್ಲಿ ಇಪ್ಪತ್ತು ವರ್ಷಗಳ ತರುವಾಯ ನೂರಕ್ಕೆ 90 ಮಂದಿ ಬದುಕಿದ್ದರು. ಆದರೆ ಅವರು ಆರಂಭದಲ್ಲಿ ಕವಾಟ ಹೆಚ್ಚು ಕೆಡದಿದ್ದವರು. ಅವರಲ್ಲಿಯೂ ಸುಮಾರು ಕಾಲುಭಾಗಕ್ಕೆ ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಬೇಕಾಯಿತು. ಹೀಗೆ ಆಯುಸ್ಸು ಕುಂದದಿದ್ದರೂ ರೋಗವೇ ಇಲ್ಲವೆಂದು ಅರ್ಥವಾಗದು.

2002ರಲ್ಲಿ ಫ್ರಾನ್ಸಿನ ರುಆನ್ ನಗರದಲ್ಲಿ ಅಲೆನ್ ಕ್ರಿಬಿಯೆ ಅವರು ಎದೆ ಕೊಯ್ಯದೆ ರಕ್ತನಾಳದ ಮೂಲಕವೇ ಕವಾಟವನ್ನು ಕೂಡಿಸಿದರು. ಆ ಮೊದಲ ರೋಗಿಯದು ಎರಡು ದಳದ ಕವಾಟ. ಆದರೂ ಅನಂತರದ ದೊಡ್ಡ ಪರೀಕ್ಷೆಗಳು, ಹೊಸ ಕವಾಟವು ಅಂಥ ಬಾಯಿಯಲ್ಲಿ ಸಮವಾಗಿ ಕೂರಲಾರದೆಂಬ ಶಂಕೆಯಿಂದ, ಇಂಥವರನ್ನು ಬಹುಮಟ್ಟಿಗೆ ಹೊರಗಿಟ್ಟವು. ಶವಾಗಾರದ ದಾಖಲೆಯಲ್ಲಿ ಮಾತ್ರ ಕಾಣಿಸಿಕೊಂಡಿದ್ದವರು ಈ ಪರೀಕ್ಷೆಗಳ ದಾಖಲೆಯಲ್ಲಿ ಕಾಣಿಸದೆ ಹೋದರು.