ರಕ್ತಸ್ರಾವಜನ್ಯ ಆಘಾತ

ರಕ್ತಸ್ರಾವಜನ್ಯ ಆಘಾತವು ಅಧಿಕ ರಕ್ತನಷ್ಟದಿಂದಾಗಿ ದೇಹದ ಅಂಗಾಂಶಗಳಿಗೆ ಅಗತ್ಯವಿರುವಷ್ಟು ಆಮ್ಲಜನಕ ದೊರೆಯದೆ ಉಂಟಾಗುವ ಪ್ರಾಣಾಪಾಯದ ಸ್ಥಿತಿ. ವೈದ್ಯರು ಇದನ್ನು ಹೆಮರೇಜಿಕ್ ಶಾಕ್ ಎಂದು ಕರೆಯುತ್ತಾರೆ. ಆಡುಮಾತಿನಲ್ಲಿ ಆಘಾತವೆಂದರೆ ಮನಸ್ಸಿಗೆ ತಗಲಿದ ಪೆಟ್ಟು, ಶಾಕ್ ಎಂದರೆ ವಿದ್ಯುತ್ತಿನ ಹೊಡೆತ. ವೈದ್ಯಶಾಸ್ತ್ರದಲ್ಲಿ ಈ ಪದಕ್ಕೆ ಈ ಎರಡು ಅರ್ಥಗಳೂ ಇಲ್ಲ. ರಕ್ತಪರಿಚಲನೆ ಸೋತು ಜೀವಕೋಶಗಳು ಆಮ್ಲಜನಕವಿಲ್ಲದೆ ಬಳಲುವ ಸ್ಥಿತಿಗೆ ಮಾತ್ರ ಅಲ್ಲಿ ಆಘಾತವೆಂಬ ಹೆಸರು ಸಲ್ಲುತ್ತದೆ.

ರಸ್ತೆ ಅಪಘಾತ, ಎತ್ತರದಿಂದ ಬೀಳುವುದು, ಇರಿತ, ಗುಂಡೇಟು ಮೊದಲಾದವುಗಳಿಂದ ಗಾಯಗೊಂಡವರ ಸಾವಿಗೆ ತಲೆಯ ಪೆಟ್ಟು ಮತ್ತು ರಕ್ತಸ್ರಾವ ಎರಡು ಮುಖ್ಯ ಕಾರಣಗಳು. ರಕ್ತಸ್ರಾವದಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲಿಯೇ ಸಂಭವಿಸುತ್ತವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ತಪ್ಪಿಸಬಹುದಾದ ಸಾವುಗಳ ಪೈಕಿ ಇವೇ ಮುಂಚೂಣಿಯಲ್ಲಿವೆ. ಸೋರಿಹೋದಷ್ಟನ್ನು ತುಂಬಿದರೆ ಸಾಕು ಎಂಬ ಲೆಕ್ಕಾಚಾರವು ಬಹುಕಾಲ ಚಿಕಿತ್ಸೆಯ ತಳಹದಿಯಾಗಿತ್ತು. ಗಂಭೀರವಾಗಿ ಗಾಯಗೊಂಡ ದೇಹವು ರಕ್ತವನ್ನು ಹೆಪ್ಪುಗಟ್ಟಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು ಎಂಬುದು ಖಚಿತವಾದದ್ದು 21ನೆಯ ಶತಮಾನದಲ್ಲಿ.

ದೇಹದ ಪ್ರತಿಕ್ರಿಯೆ

ವಯಸ್ಕರೊಬ್ಬರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಇದರಲ್ಲಿ ಶೇಕಡಾ 15ರಷ್ಟು, ಅಂದರೆ ಮುಕ್ಕಾಲು ಲೀಟರಿನಷ್ಟು ನಷ್ಟವಾದರೂ ಆರೋಗ್ಯವಂತರಲ್ಲಿ ಹೊರನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ನಷ್ಟವು ಶೇಕಡಾ 15ನ್ನು ದಾಟಿದಂತೆ ನಾಡಿಯ ವೇಗ ಹೆಚ್ಚುತ್ತದೆ, ಉಸಿರಾಟ ಚುರುಕಾಗುತ್ತದೆ, ಗಾಯಾಳು ಚಡಪಡಿಸುತ್ತಾನೆ. ರಕ್ತದೊತ್ತಡ ಸ್ಪಷ್ಟವಾಗಿ ಕುಸಿಯುವುದು ಸಾಮಾನ್ಯವಾಗಿ ಶೇಕಡಾ 30ರಷ್ಟು ರಕ್ತ ಹೋದ ಮೇಲೆ. ಶೇಕಡಾ 40ನ್ನು ಮೀರಿದರೆ ಪ್ರಜ್ಞೆ ಮಸುಕಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ರಕ್ತದೊತ್ತಡ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಗಾಯಾಳು ಅಪಾಯದಿಂದ ಪಾರಾಗಿದ್ದಾನೆಂದು ಭಾವಿಸಲಾಗದು. ಯುವಕರಲ್ಲಿ ಈ ಮೋಸ ಹೆಚ್ಚು. ಅವರ ದೇಹವು ಬಹಳ ಹೊತ್ತು ತಾಳಿಕೊಂಡು, ಬಳಿಕ ಹಠಾತ್ತನೆ ಕುಸಿಯುತ್ತದೆ.

ಈ ತಾಳಿಕೆಯ ಹಿಂದೆ ಸುವ್ಯವಸ್ಥಿತವಾದ ಏರ್ಪಾಡಿದೆ. ಕುತ್ತಿಗೆಯ ಪ್ರಮುಖ ರಕ್ತನಾಳಗಳಲ್ಲಿಯೂ ಮಹಾಪಧಮನಿಯಲ್ಲಿಯೂ ಇರುವ ಒತ್ತಡಗ್ರಾಹಿಗಳು ರಕ್ತದೊತ್ತಡದ ಸಣ್ಣ ಇಳಿಕೆಯನ್ನೂ ಗುರುತಿಸಿ ಮಿದುಳಿಗೆ ತಿಳಿಸುತ್ತವೆ. ಕೂಡಲೇ ಅಡ್ರಿನಲಿನ್ ಮತ್ತು ಅದರ ಸಂಬಂಧಿ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಹೃದಯದ ಬಡಿತ ಏರುತ್ತದೆ. ಚರ್ಮ, ಸ್ನಾಯು ಮತ್ತು ಕರುಳಿನ ಕಿರುನಾಳಗಳು ಸಂಕುಚಿಸುತ್ತವೆ. ಉಳಿದಿರುವ ರಕ್ತವು ಹೃದಯ ಮತ್ತು ಮಿದುಳಿಗೆ ಮೀಸಲಾಗುತ್ತದೆ. ಗಾಯಾಳುವಿನ ಕೈಕಾಲು ತಣ್ಣಗಾಗುವುದೂ ಮೈ ಬಿಳಚಿಕೊಂಡು ಬೆವರುವುದೂ ಇದರಿಂದಲೇ. ಮೂತ್ರಪಿಂಡಗಳು ಮೂತ್ರದ ಪ್ರಮಾಣವನ್ನು ತಗ್ಗಿಸಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ. ಜೀವಕೋಶಗಳ ನಡುವಣ ದ್ರವವು ಲೋಮನಾಳಗಳೊಳಕ್ಕೆ ಸರಿದು ಬರುತ್ತದೆ. ಅತಿಯಾದ ಬಾಯಾರಿಕೆಯೂ ಇದೇ ಪ್ರತಿಕ್ರಿಯೆಯ ಭಾಗ. ಆದರೆ ಇಂತಹವರಿಗೆ ನೀರು ಕುಡಿಸುವುದು ಅಪಾಯಕರ. ಪ್ರಜ್ಞೆ ಕುಂದಿದಾಗ ನೀರು ಶ್ವಾಸನಾಳಕ್ಕೆ ಹೋಗಬಹುದು. ಶಸ್ತ್ರಚಿಕಿತ್ಸೆಗೆ ಹೊಟ್ಟೆ ಖಾಲಿಯಿರುವುದೇ ಲೇಸು.

ಈ ಮೀಸಲು ವ್ಯವಸ್ಥೆಗೆ ದೇಹ ಬೆಲೆ ತೆರಬೇಕಾಗುತ್ತದೆ. ರಕ್ತ ತಲಪದ ಅಂಗಾಂಶಗಳು ಆಮ್ಲಜನಕವಿಲ್ಲದೆಯೇ ಶಕ್ತಿ ಉತ್ಪಾದಿಸಲು ಯತ್ನಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕುತ್ತವೆ. ರಕ್ತದ ಆಮ್ಲೀಯತೆ ಹೆಚ್ಚುತ್ತದೆ. ಶಾಖೋತ್ಪತ್ತಿ ಕುಗ್ಗಿ ಮೈ ತಣ್ಣಗಾಗುತ್ತದೆ. ಆಮ್ಲೀಯತೆ ಮತ್ತು ತಂಪು ಎರಡೂ ಹೆಪ್ಪುಗಟ್ಟುವ ಕ್ರಿಯೆಗೆ ಅಡ್ಡಿಯಾಗುತ್ತವೆ. ಹೆಪ್ಪುಗಟ್ಟದಿದ್ದರೆ ರಕ್ತಸ್ರಾವ ಹೆಚ್ಚುತ್ತದೆ, ರಕ್ತಸ್ರಾವ ಹೆಚ್ಚಿದಂತೆ ತಂಪೂ ಆಮ್ಲೀಯತೆಯೂ ಮತ್ತಷ್ಟು ಏರುತ್ತವೆ. ಶಸ್ತ್ರವೈದ್ಯರು ಈ ವಿಷವರ್ತುಲವನ್ನು ಮಾರಕ ತ್ರಿಕೂಟವೆಂದು ಕರೆಯುತ್ತಾರೆ.

ರಕ್ತಸ್ರಾವವು ಯಾವಾಗಲೂ ಕಣ್ಣಿಗೆ ಕಾಣುವಂತಿರುವುದಿಲ್ಲ. ಎದೆಗೂಡು, ಹೊಟ್ಟೆ, ಸೊಂಟದ ಮೂಳೆಗಳ ಗೂಡು ಇವುಗಳೊಳಗೆ ಲೀಟರುಗಟ್ಟಲೆ ರಕ್ತ ಸಂಗ್ರಹವಾಗಬಲ್ಲದು. ತೊಡೆಯ ಮೂಳೆ ಮುರಿದರೆ ಚರ್ಮ ಹರಿಯದೆಯೂ ಒಂದು ಲೀಟರಿಗಿಂತ ಹೆಚ್ಚು ರಕ್ತ ಸ್ನಾಯುಗಳ ನಡುವೆ ಸೋರಿಹೋಗಬಹುದು.

ಸಂಶೋಧನೆಯ ಇತಿಹಾಸ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಆಘಾತಕ್ಕೆ ಕಾರಣವೇನೆಂಬುದು ದೊಡ್ಡ ಒಗಟಾಗಿತ್ತು. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1917ರಲ್ಲಿ ಫ್ರಾನ್ಸಿಗೆ ತೆರಳಿ ಇದನ್ನು ಅಧ್ಯಯನ ಮಾಡಿದನು. ಜಜ್ಜಿಹೋದ ಸ್ನಾಯುಗಳಿಂದ ಯಾವುದೋ ವಿಷವಸ್ತು ರಕ್ತಕ್ಕೆ ಸೇರಿ ಆಘಾತವುಂಟಾಗುತ್ತದೆ ಎಂಬುದು ಅವನ ಹಾಗೂ ಬ್ರಿಟನ್ನಿನ ವಿಲಿಯಂ ಬೇಲಿಸ್‌ನ ನಿಲುವಾಗಿತ್ತು. ಈ ಸಿದ್ಧಾಂತ ಮುಂದೆ ಬಿದ್ದುಹೋಯಿತು. ಆದರೆ ರಕ್ತ ಸೋರುವ ಜಾಗವನ್ನು ಮುಚ್ಚುವ ಮೊದಲೇ ರಕ್ತದೊತ್ತಡವನ್ನು ಏರಿಸಿದರೆ ಉಳಿದಿರುವ ರಕ್ತವೂ ಪೋಲಾದೀತು ಎಂದು ಅವನೂ ಅವನ ಸಂಗಡಿಗರೂ 1918ರಲ್ಲಿಯೇ ಎಚ್ಚರಿಸಿದ್ದರು. ತಪ್ಪಿದ ಸಿದ್ಧಾಂತಕ್ಕೆ ಹತ್ತು ವರ್ಷ ಮನ್ನಣೆ ದೊರೆಯಿತು. ಸರಿಯಾದ ಎಚ್ಚರಿಕೆಯು ಮುಕ್ಕಾಲು ಶತಮಾನ ಮೂಲೆಗೆ ಬಿದ್ದಿತ್ತು.

ವಿಷಸಿದ್ಧಾಂತವನ್ನು ಅಲ್ಲಗಳೆದವರಲ್ಲಿ ಪ್ರಮುಖನು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಬ್ಲೇಲಾಕ್. ಅರಿವಳಿಕೆ ನೀಡಿದ ನಾಯಿಗಳ ಒಂದು ಕಾಲಿಗೆ ಪೆಟ್ಟುಮಾಡಿ, ಬಳಿಕ ಎರಡೂ ಕಾಲುಗಳನ್ನು ತೂಗಿ ನೋಡಿ, ಪೆಟ್ಟುಬಿದ್ದ ಭಾಗಕ್ಕೆ ಸೋರಿದ ರಕ್ತ ಮತ್ತು ದ್ರವದ ಪ್ರಮಾಣವೇ ಆಘಾತಕ್ಕೆ ಸಾಕಾಗುವಷ್ಟಿದೆಯೆಂದು ಅವನು 1930ರಲ್ಲಿ ತೋರಿಸಿದನು. ಅದೇ ವರ್ಷ ಅವನ ಪ್ರಯೋಗಾಲಯಕ್ಕೆ ಸೇರಿದ ಕಪ್ಪುಜನಾಂಗದ ಯುವಕ ವಿವಿಯನ್ ಥಾಮಸ್ ಮುಂದಿನ ಆಘಾತ ಪ್ರಯೋಗಗಳ ಬಹುಭಾಗವನ್ನು ತನ್ನ ಕೈಯಾರೆ ನಡೆಸಿದನು. ಅವನಿಗೆ ಕಾಲೇಜು ಶಿಕ್ಷಣವಿರಲಿಲ್ಲ. ಸಂಬಳದ ಪಟ್ಟಿಯಲ್ಲಿ ಅವನ ಹುದ್ದೆ ಜಾಡಮಾಲಿಯದಾಗಿತ್ತು. ಈ ಪ್ರಯೋಗಗಳ ಫಲವಾಗಿ ರಕ್ತ ಮತ್ತು ಪ್ಲಾಸ್ಮಾ ನೀಡಿಕೆಯು ಎರಡನೆಯ ಮಹಾಯುದ್ಧದಲ್ಲಿ ಭದ್ರವಾದ ತಳಹದಿಯನ್ನು ಪಡೆಯಿತು.

ಇದೇ ಅವಧಿಯಲ್ಲಿ ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್ ಕಾಲುಮೂಳೆ ಮುರಿದವರ ಮೂತ್ರವನ್ನು ಪರೀಕ್ಷಿಸಿ, ಅವರ ದೇಹವು ತನ್ನದೇ ಸ್ನಾಯುಗಳ ಪ್ರೋಟೀನನ್ನು ಕರಗಿಸಿಕೊಳ್ಳುತ್ತಿದೆಯೆಂದು ಕಂಡುಕೊಂಡನು. ಗಾಯದ ನಂತರ ಚಯಾಪಚಯವು ಮೊದಲು ಕುಗ್ಗಿ ಬಳಿಕ ಉಕ್ಕುತ್ತದೆ ಎಂದು ಅವನು 1942ರಲ್ಲಿ ವಿವರಿಸಿದನು. ಇಳಿತ ಮತ್ತು ಭರತ ಎಂಬ ಅವನ ವಿಂಗಡಣೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

1960ರ ದಶಕದಲ್ಲಿ ಡಲ್ಲಾಸ್‌ನ ಟಾಮ್ ಶೈರ್ಸ್ ಮತ್ತು ಸಂಗಡಿಗರ ಸಂಶೋಧನೆಯ ಪ್ರಭಾವದಿಂದ ಲವಣದ್ರಾವಣವನ್ನು ಧಾರಾಳವಾಗಿ ನೀಡುವ ಪದ್ಧತಿ ಬೆಳೆಯಿತು. ವಿಯೆಟ್ನಾಂ ಯುದ್ಧದಲ್ಲಿ ಹೀಗೆ ಬದುಕುಳಿದ ಸೈನಿಕರಲ್ಲಿ ಕೆಲವರ ಶ್ವಾಸಕೋಶಗಳು ನೀರು ತುಂಬಿ ಕೆಟ್ಟವು; ಆ ತೊಂದರೆಗೆ ಯುದ್ಧಭೂಮಿಯ ಊರಿನ ಹೆಸರೇ ಅಂಟಿ ಡಾ ನಾಂಗ್ ಶ್ವಾಸಕೋಶ ಎಂಬ ಹೆಸರಾಯಿತು. ಆದರೂ ಪದ್ಧತಿ ಬದಲಾಗಲಿಲ್ಲ. 1994ರಲ್ಲಿ ಹ್ಯೂಸ್ಟನ್ ನಗರದ ವೈದ್ಯರು ಎದೆ ಹೊಟ್ಟೆಗಳಿಗೆ ಇರಿತ ಅಥವಾ ಗುಂಡೇಟು ಬಿದ್ದ 598 ಮಂದಿಯ ಅಧ್ಯಯನವನ್ನು ಪ್ರಕಟಿಸಿದರು. ಕೂಡಲೇ ದ್ರವ ಪಡೆದವರಲ್ಲಿ ಶೇಕಡಾ 62ರಷ್ಟು ಮಂದಿ ಉಳಿದರೆ, ಶಸ್ತ್ರಚಿಕಿತ್ಸೆಯವರೆಗೆ ದ್ರವ ಪಡೆಯದವರಲ್ಲಿ ಶೇಕಡಾ 70ರಷ್ಟು ಮಂದಿ ಉಳಿದರು. ಒತ್ತಡ ಏರಿದಾಗ ಆಗತಾನೇ ಕೂಡಿಕೊಂಡ ಹೆಪ್ಪು ಕಿತ್ತುಹೋಗುತ್ತದೆ, ತೆಳುವಾದ ರಕ್ತ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂಬುದು ಇದಕ್ಕೆ ನೀಡಲಾಗುವ ವಿವರಣೆ.

2003ರಲ್ಲಿ ಲಂಡನ್ನಿನ ಕರೀಂ ಬ್ರೋಹಿ ಮತ್ತು ಸಹೋದ್ಯೋಗಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟರು. 1,088 ಗಾಯಾಳುಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರ ರಕ್ತವು ಆಸ್ಪತ್ರೆ ತಲಪುವಷ್ಟರಲ್ಲಿಯೇ ಹೆಪ್ಪುಗಟ್ಟುವ ಶಕ್ತಿಯಲ್ಲಿ ಕುಂದಿತ್ತು. ಅಂತಹವರಲ್ಲಿ ಸತ್ತವರು ಶೇಕಡಾ 46. ಉಳಿದವರಲ್ಲಿ ಶೇಕಡಾ 10.9. ನೀಡಿದ ದ್ರವದ ಪ್ರಮಾಣಕ್ಕೂ ಈ ಕುಂದಿಗೂ ಸಂಬಂಧ ಕಾಣಲಿಲ್ಲ. ಅಲ್ಲಿಯವರೆಗೆ ಚಿಕಿತ್ಸೆಯ ಅಡ್ಡಪರಿಣಾಮವೆಂದು ಭಾವಿಸಿದ್ದುದು ಗಾಯದ್ದೇ ಪರಿಣಾಮವೆಂದು ಇದರಿಂದ ತಿಳಿದುಬಂದಿತು.

ಟ್ರಾನೆಕ್ಸಾಮಿಕ್ ಆಮ್ಲ

ರಕ್ತದ ಹೆಪ್ಪು ಫೈಬ್ರಿನ್ ಎಂಬ ಎಳೆಗಳ ಬಲೆ. ಅದನ್ನು ಕರಗಿಸುವ ಕೆಲಸ ಪ್ಲಾಸ್ಮಿನ್ ಎಂಬ ಕಿಣ್ವದ್ದು. ತೀವ್ರ ಗಾಯದಲ್ಲಿ ಈ ಕರಗುವಿಕೆ ಮಿತಿಮೀರುತ್ತದೆ. ಜಪಾನಿನ ಉತಾಕೊ ಒಕಾಮೊಟೊ ಮತ್ತು ಆಕೆಯ ಪತಿ ಶೋಸುಕೆ ಒಕಾಮೊಟೊ ಯುದ್ಧಾನಂತರದ ಬಡತನದ ದಿನಗಳಲ್ಲಿ ಇದಕ್ಕೆ ತಡೆಯೊಡ್ಡುವ ವಸ್ತುವನ್ನು ಹುಡುಕತೊಡಗಿದರು. ರಕ್ತವನ್ನೇ ಸಂಶೋಧನೆಗೆ ಆರಿಸಿಕೊಳ್ಳಲು ಅದು ದುಡ್ಡಿಲ್ಲದೆ ತಮ್ಮ ಮೈಯಿಂದಲೇ ಸಿಗುತ್ತಿದ್ದುದೂ ಒಂದು ಕಾರಣವಾಗಿತ್ತು. ಉತಾಕೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. ಅವರು 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲವು ಪ್ಲಾಸ್ಮಿನ್ ಹೆಪ್ಪಿಗೆ ಅಂಟಿಕೊಳ್ಳುವುದನ್ನು ತಡೆಯುತ್ತದೆ. ಬಾಣಂತಿಯರ ರಕ್ತಸ್ರಾವಕ್ಕೆ ಇದನ್ನು ಬಳಸಿ ನೋಡಬೇಕೆಂಬುದು ಉತಾಕೊ ಅವರ ಆಸೆ; ಆಗಿನ ವೈದ್ಯರು ಒಪ್ಪಲಿಲ್ಲ. ಭಾರತದಲ್ಲಿ ಈ ಔಷಧವು ಅತಿಯಾದ ಮುಟ್ಟಿನ ಸ್ರಾವಕ್ಕೆ ಕೊಡುವ ಮಾತ್ರೆಯಾಗಿ ಹೆಚ್ಚು ಪರಿಚಿತ.

ಗಾಯಾಳುಗಳ ಮೇಲಿನ ದೊಡ್ಡ ಪರೀಕ್ಷೆ ನಡೆಯಲು ಸುಮಾರು ಅರ್ಧ ಶತಮಾನ ಬೇಕಾಯಿತು. ಲಂಡನ್ನಿನ ಇಯಾನ್ ರಾಬರ್ಟ್ಸ್, ಹಲೀಮಾ ಶಕೂರ್ ಮೊದಲಾದವರು ನಡೆಸಿದ ಕ್ರ್ಯಾಶ್-2 ಪರೀಕ್ಷೆಯಲ್ಲಿ ಭಾರತವೂ ಸೇರಿದಂತೆ 40 ದೇಶಗಳ 274 ಆಸ್ಪತ್ರೆಗಳ 20,211 ಗಾಯಾಳುಗಳಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಔಷಧ ಪಡೆದವರಲ್ಲಿ ಶೇಕಡಾ 14.5 ಮಂದಿಯೂ ಹುಸಿಮದ್ದು ಪಡೆದವರಲ್ಲಿ ಶೇಕಡಾ 16 ಮಂದಿಯೂ ಸತ್ತರು. ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಔಷಧ ಅಗ್ಗವಾದುದು, ಗಾಯಾಳುಗಳ ಸಂಖ್ಯೆ ಅಪಾರವಾದುದು. ಮರುವರ್ಷದ ವಿಶ್ಲೇಷಣೆ ಇನ್ನೂ ಮುಖ್ಯ. ಗಾಯವಾದ ಒಂದು ಗಂಟೆಯೊಳಗೆ ಔಷಧ ದೊರೆತವರಲ್ಲಿ ರಕ್ತಸ್ರಾವದ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿತ್ತು. ಮೂರು ಗಂಟೆ ಕಳೆದ ಮೇಲೆ ಕೊಟ್ಟಾಗ ಅದೇ ಔಷಧದಿಂದ ಆ ಸಾವು ಹೆಚ್ಚಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗಾಯಾಳುಗಳ ಬಳಕೆಗಾಗಿ ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಬಾಣಂತಿಯರ ಮೇಲಿನ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂದಿತು. 20,060 ಮಹಿಳೆಯರಲ್ಲಿ ರಕ್ತಸ್ರಾವದ ಸಾವು ಶೇಕಡಾ 1.9ರಿಂದ 1.5ಕ್ಕೆ ಇಳಿದಿತ್ತು. ಉತಾಕೊ ಅವರು 2016ರಲ್ಲಿ ತೀರಿಕೊಂಡಿದ್ದರು.

ಇಂದಿನ ಚಿಕಿತ್ಸೆ

ಮೊದಲ ಕರ್ತವ್ಯ ರಕ್ತವನ್ನು ನಿಲ್ಲಿಸುವುದು. ಹೊರಗಾಯವನ್ನು ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಅದಕ್ಕೂ ಬಗ್ಗದ ಕೈಕಾಲಿನ ರಕ್ತಸ್ರಾವಕ್ಕೆ ಗಾಯದ ಮೇಲ್ಭಾಗದಲ್ಲಿ ಬಿಗಿಪಟ್ಟಿ ಕಟ್ಟಬೇಕು. ಬಿಗಿಪಟ್ಟಿಯಿಂದ ಕೈಕಾಲು ಕಳೆದುಕೊಳ್ಳಬೇಕಾದೀತೆಂಬ ಭಯದಿಂದ ಬಹುಕಾಲ ಅದನ್ನು ದೂರವಿಡಲಾಗಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಅನುಭವವು ಆ ಭಯವನ್ನು ಬಹುಮಟ್ಟಿಗೆ ಹೋಗಲಾಡಿಸಿತು. ಗಾಯಾಳುವನ್ನು ಬೆಚ್ಚಗಿಡುವುದೂ ಚಿಕಿತ್ಸೆಯೇ. ಒಳಗಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆಯೇ ಗತಿ. ಅಲ್ಲಿಯವರೆಗೆ ರಕ್ತದೊತ್ತಡವನ್ನು ಸಹಜಕ್ಕಿಂತ ತುಸು ಕೆಳಗೇ ಉಳಿಸಲಾಗುತ್ತದೆ. ತಲೆಗೆ ಪೆಟ್ಟಾದವರಿಗೆ ಈ ಕ್ರಮ ಸಲ್ಲದು, ಏಕೆಂದರೆ ಮಿದುಳು ಒತ್ತಡದ ಇಳಿಕೆಯನ್ನು ತಾಳಲಾರದು. ಲವಣದ್ರಾವಣದ ಬದಲು ಕೆಂಪುಕಣ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳನ್ನು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ನೀಡುವುದು ಈಗಿನ ರೂಢಿ. 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಈ ಸಮಪ್ರಮಾಣದಿಂದ ಮೊದಲ ದಿನ ರಕ್ತ ಸೋರಿ ಸಾಯುವವರ ಸಂಖ್ಯೆ ತಗ್ಗಿತು, ಆದರೆ 30 ದಿನಗಳ ಒಟ್ಟು ಸಾವಿನಲ್ಲಿ ನಿರ್ಣಾಯಕ ವ್ಯತ್ಯಾಸ ಕಾಣಲಿಲ್ಲ.

ಭಾರತದಲ್ಲಿ

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಗಾಯವಾದ ನಂತರದ ಒಂದು ಗಂಟೆಯನ್ನು ಸುವರ್ಣ ಗಂಟೆ ಎಂದು ವ್ಯಾಖ್ಯಾನಿಸಿದೆ. ಈ ಮಾತು ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿಯಿಂದ ಪ್ರಚಾರಕ್ಕೆ ಬಂದದ್ದು. ಒಂದು ಗಂಟೆ ಎಂಬ ಗಡುವಿಗೆ ನಿಖರವಾದ ಸಂಶೋಧನೆಯ ಆಧಾರವಿಲ್ಲ. ಉಸಿರುನಾಳ ಮುಚ್ಚಿಹೋದವನಿಗೆ ಕೆಲವೇ ನಿಮಿಷಗಳಿರುತ್ತವೆ, ನಿಧಾನವಾಗಿ ರಕ್ತ ಸೋರುತ್ತಿರುವವನಿಗೆ ಕೆಲವು ಗಂಟೆಗಳಿರಬಹುದು. ಆದರೂ ತಡವಾದಷ್ಟೂ ಕೇಡು ಎಂಬ ತತ್ತ್ವದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪೊಲೀಸು ವಿಚಾರಣೆ ಮತ್ತು ನ್ಯಾಯಾಲಯದ ಅಲೆದಾಟಕ್ಕೆ ಹೆದರಿ ದಾರಿಹೋಕರು ಗಾಯಾಳುವನ್ನು ಮುಟ್ಟಲು ಹಿಂಜರಿಯುತ್ತಿದ್ದುದು ಈ ತಡಕ್ಕೆ ಒಂದು ಕಾರಣ. ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಇಂತಹ ನೆರವುಗಾರರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ಕಾಯಿದೆಯ 134ಎ ಕಲಮಿನಂತೆ, ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ತಮ್ಮ ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತೆಯೂ ಇಲ್ಲ. ಕರ್ನಾಟಕದಲ್ಲಿ ಆರೋಗ್ಯ ಕವಚ ಯೋಜನೆಯ ಆಂಬುಲೆನ್ಸನ್ನು 108 ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಪಡೆಯಬಹುದು.